ಆರು ವರ್ಷವಾದರೂ ಮಳೆ ಬಂದರೆ ಅಪ್ಪ ಮಲಗುವುದಿಲ್ಲ. ಮನಶ್ಶಾಸ್ತ್ರಜ್ಞರ ಹತ್ತಿರ ಹೋದರೆ ಅವರು ನಿಜವಾಗಿ ಏನು ಮಾಡುತ್ತಾರೆ?

ಹಟ್ಟಿಹೊಳೆಯ ಮಗಳು ಕೇಳಿದ್ದು, ಆಗಸ್ಟ್ 2024

ನಮಸ್ಕಾರ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ, ಅಮ್ಮ ಕೊಡಗಿನ ಮಾದಾಪುರದ ಹತ್ತಿರ ಜಂಬೂರಿನಲ್ಲಿದ್ದಾರೆ, 2018ರ ಭೂಕುಸಿತದಲ್ಲಿ ಮನೆ ಕಳಕೊಂಡವರಿಗೆ ಕಟ್ಟಿಕೊಟ್ಟ ಮನೆಯಲ್ಲಿ. ಅಪ್ಪನಿಗೆ ಈಗ 61.

ಆ ವರ್ಷದ ಆಗಸ್ಟ್ 17ರ ಬೆಳಿಗ್ಗೆ ನಮ್ಮ ಮನೆ ಹಿಂದಿನ ಬರೆ (ಮಣ್ಣಿನ ಇಳಿಜಾರು) ಕುಸಿಯಿತು. ಅಪ್ಪ, ಅಮ್ಮ ಹೊರಗೆ ಓಡಿ ಬಂದಿದ್ದರು. ಅಪ್ಪ ತಿರುಗಿ ಹೋಗಿ ಕೊಟ್ಟಿಗೆಯಲ್ಲಿದ್ದ ಎರಡು ಹಸು ಬಿಚ್ಚಿದರು. ಅಷ್ಟರಲ್ಲಿ ಇನ್ನೊಂದು ಸಲ ಗುಡ್ಡ ಜಾರಿ ಕೆಳಗಿನ ಮನೆ ಮೇಲೆ ಬಂತು. ಅಲ್ಲಿ ಒಬ್ಬರೇ ಇದ್ದ ಅಜ್ಜಿ ಹೋದರು. ಮೂರನೇ ದಿನ ಸಿಕ್ಕರು. ಇದೆಲ್ಲ ಅಮ್ಮ ನನಗೆ ಹೇಳಿದ್ದು. ಅಪ್ಪ ಇಷ್ಟು ವರ್ಷದಲ್ಲಿ ಒಂದು ಮಾತೂ ಆಡಿಲ್ಲ.

ಜೂನ್ ಬಂತೆಂದರೆ ಅಪ್ಪ ಜಗಲಿಗೆ ಬರುತ್ತಾರೆ. ಕಾಲಿಗೆ ಶೂ ಹಾಕಿಕೊಂಡೇ ಮಲಗುವುದು, ಪಕ್ಕದಲ್ಲಿ ಟಾರ್ಚು, ಪಹಣಿ, ಆಧಾರ್ ಇರುವ ಒಂದು ಚೀಲ. ಮಳೆ ಜೋರಾದರೆ ಮಲಗುವುದೇ ಇಲ್ಲ, ಕೂತೇ ಇರುತ್ತಾರೆ. ಪ್ರತಿ ವರ್ಷ ದಸರಾ ಹೊತ್ತಿಗೆ ಸರಿಹೋಗುತ್ತಿತ್ತು. ಈ ಸಲ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ಭೂಕುಸಿತದ ದೃಶ್ಯ ಟಿವಿಯಲ್ಲಿ ಇಡೀ ದಿನ ಬಂತು. ಅಪ್ಪ ಎದ್ದು ಹೋಗದೆ ನೋಡಿದರು. ಆಟಿ ಹದಿನೆಂಟಕ್ಕೆ ಅಮ್ಮ ಮದ್ದುಸೊಪ್ಪಿನ ಪಾಯಸ ಮಾಡಿದರೆ ಮುಟ್ಟಲಿಲ್ಲ. ಈಗ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ಹಾರಿ ಏಳುತ್ತಾರೆ. ಒಬ್ಬ ಡಾಕ್ಟರು ನಿದ್ದೆ ಮಾತ್ರೆ ಕೊಟ್ಟಿದ್ದಾರೆ. ಅಣ್ಣ ಹೇಳುವುದು, "ಒಂದು ಸಲ ಆ ಜಾಗಕ್ಕೇ ಕರಕೊಂಡು ಹೋಗೋಣ, ಹೆದರಿಕೆ ಬಿಟ್ಟುಹೋಗುತ್ತೆ" ಎಂದು. ಅತ್ತೆ ಶಾಂತಿ ಮಾಡಿಸಿ ಎನ್ನುತ್ತಾರೆ.

ಮನಶ್ಶಾಸ್ತ್ರಜ್ಞರ ಹತ್ತಿರ ಹೋಗೋಣ ಎಂದರೆ ಅಪ್ಪ, "ಅವರು ಎಲ್ಲ ಮೊದಲಿಂದ ಹೇಳಿಸ್ತಾರೆ. ನನ್ನ ಕೈಲಾಗಲ್ಲ" ಎಂದರು. ನಿಜವಾಗಿ ಹಾಗೇ ಮಾಡುತ್ತಾರಾ? ಆರು ವರ್ಷವಾದ ಮೇಲೆ ಪ್ರಯೋಜನವಿದೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಏಲಕ್ಕಿ ತೋಟ

ತಂಗಿ, ನಾವು ಸೋಮವಾರಪೇಟೆ ಕಡೆಯವರು. ನಮ್ಮ ಭಾವನಿಗೂ ಹೀಗೇ ಇತ್ತು. ಅವರನ್ನು ಖಾಲಿ ಕೂರಲು ಬಿಡಬೇಡಿ. ನಾವು ಭಾವನಿಗೆ ಕಾಳುಮೆಣಸಿನ ಬಳ್ಳಿ ಕಟ್ಟುವ ಕೆಲಸ ಕೊಟ್ಟೆವು, ಹಗಲು ದಣಿದರೆ ರಾತ್ರಿ ನಿದ್ದೆ ಬರುತ್ತಿತ್ತು. ಆ ವಿಷಯ ಮಾತ್ರ ಎತ್ತಲೇಬೇಡಿ. ಟಿವಿ ಕೇಬಲ್ಲು ಈ ತಿಂಗಳು ತೆಗೆಸಿ.

ಕಾಡುಮಲ್ಲಿಗೆ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಮೈಸೂರಿನಲ್ಲಿ. 2018ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಮಡಿಕೇರಿ, ಸುಂಟಿಕೊಪ್ಪದ ಗಂಜಿ ಕೇಂದ್ರಗಳಿಗೆ ಸ್ವಯಂಸೇವಕಿಯಾಗಿ ಬಂದಿದ್ದೆ. ನಿಮ್ಮ ತಂದೆಯ ಭಯಕ್ಕೆ ಕಾರಣವಿದೆ. ಅದನ್ನು ಹುಟ್ಟಿಸಿದವರಲ್ಲಿ ನನ್ನಂಥವರೂ ಇದ್ದೇವೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನು ಹೋದ ಎರಡನೇ ದಿನ. ನಮ್ಮ ತಂಡದ ಕೈಯಲ್ಲಿ ಒಂದು ಫಾರಂ ಇತ್ತು. ಎಂಟು ಜನರನ್ನು ವೃತ್ತವಾಗಿ ಕೂರಿಸಿ, ಆ ಬೆಳಿಗ್ಗೆ ಏನು ನೋಡಿದಿರಿ, ಏನು ಕೇಳಿಸಿತು, ಆಗ ಏನನ್ನಿಸಿತು ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ತೋಟದ ಲೈನ್ ಮನೆಯಲ್ಲಿದ್ದ ಒಬ್ಬರು ಎಲ್ಲವನ್ನೂ ಹೇಳಿದರು, ಒಂದು ವಿವರವನ್ನೂ ಬಿಡಲಿಲ್ಲ. ಕೆಲಸ ಚೆನ್ನಾಗಿ ಆಯಿತು ಎಂದೇ ನಾನು ತಿಳಿದುಕೊಂಡೆ. ಆ ರಾತ್ರಿ ಅವರು ಮಳೆಯಲ್ಲಿ ಎದ್ದು ಹೊರಟುಹೋದರು, ಹುಡುಗರು ಹುಡುಕಿ ಕರೆತಂದರು. ಮಾರನೆಯ ದಿನ ಅವರ ಹೆಂಡತಿ ನನ್ನ ಬಳಿ ಬಂದು, ಸಿಟ್ಟಿಲ್ಲದೆ ಕೇಳಿದರು: "ನೀವು ಕೇಳಿದಿರಿ, ಅವರು ಹೇಳಿದರು. ಹೇಳಿ ಆದ ಮೇಲೆ ಅದನ್ನ ಎಲ್ಲಿ ಇಡೋದು ಅಂತ ಯಾರೂ ಹೇಳಲಿಲ್ಲವಲ್ಲ?"

ನನ್ನ ಬಳಿ ಉತ್ತರ ಇರಲಿಲ್ಲ.

ನಾವು ಮಾಡಿದ್ದಕ್ಕೆ ಡಿಬ್ರೀಫಿಂಗ್ ಎಂಬ ಹೆಸರಿದೆ. ಅಮೆರಿಕದಲ್ಲಿ ಜೆಫ್ರಿ ಮಿಚೆಲ್ ಎಂಬವರು 1983ರಲ್ಲಿ ಅಗ್ನಿಶಾಮಕ, ಆಂಬ್ಯುಲೆನ್ಸ್ ಸಿಬ್ಬಂದಿಗಾಗಿ ಅದರ ಕ್ರಮವನ್ನು ಬರೆದಿಟ್ಟರು. ಒಳಗಿರುವುದನ್ನು ಬೇಗ ಹೊರಹಾಕಿದರೆ ಮುಂದೆ ಕಾಯಿಲೆಯಾಗುವುದಿಲ್ಲ ಎಂಬ ನಂಬಿಕೆ. ಕೇಳಲು ಸರಿ ಎನಿಸುತ್ತದೆ, ಹಾಗಾಗಿ ಎಲ್ಲೆಡೆ ಹರಡಿತು. ಆದರೆ 2002ರಲ್ಲಿ, ಚಿಕಿತ್ಸೆಗಳ ಪುರಾವೆ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯವರು ಆವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಹಾಗೆ ಒಂದೇ ಸಲ ಕೂರಿಸಿ ಮಾತಾಡಿಸುವುದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ ಎಂದು ತಿಳಿಯಿತು. ಸುಟ್ಟಗಾಯವಾದವರ ಒಂದು ಅಧ್ಯಯನದಲ್ಲಂತೂ ಮಾತಾಡಿಸಿಕೊಂಡವರೇ ವರ್ಷದ ನಂತರ ಹೆಚ್ಚು ನರಳುತ್ತಿದ್ದರು. ನಾನು ಮಡಿಕೇರಿಗೆ ಬಂದಾಗ ಇದು ಗೊತ್ತಾಗಿ 16 ವರ್ಷವಾಗಿತ್ತು. ಪರೀಕ್ಷೆಗೆ ಓದಿಯೂ ಇದ್ದೆ. ಆದರೂ ಕೈಯಲ್ಲಿ ಫಾರಂ ಇದ್ದಾಗ ಅದನ್ನು ತುಂಬಿಸಲು ಹೊರಟೆ.

ಆಮೇಲೆ ನಮಗೆ ಸರಿಯಾದ ದಾರಿ ತೋರಿಸಿದವರು ಹಿರಿಯರೊಬ್ಬರು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಮೂರೇ ಕ್ರಿಯಾಪದಗಳಿವೆ: ನೋಡು, ಆಲಿಸು, ಜೋಡಿಸು. ಗಂಜಿ ಕೇಂದ್ರದಲ್ಲಿ ಅದರ ಅರ್ಥ ಏನು ಗೊತ್ತಾ? ಕನ್ನಡಕ ಕಳಕೊಂಡ ಅಜ್ಜನಿಗೆ ಕನ್ನಡಕ. ಬಿಪಿ ಮಾತ್ರೆ ನಿಂತುಹೋದವರ ಪಟ್ಟಿ. ಫೋನ್ ಚಾರ್ಜಿಗೆ ಒಂದು ಬೋರ್ಡು, ಏಕೆಂದರೆ ಮಗ ಬೇರೆ ಕೇಂದ್ರದಲ್ಲಿ ಬದುಕಿದ್ದಾನೆ ಎಂದು ತಿಳಿಯುವುದಕ್ಕಿಂತ ದೊಡ್ಡ ಔಷಧಿ ಅವತ್ತು ಇರಲಿಲ್ಲ. ಹೆಂಗಸರು ಬಟ್ಟೆ ಬದಲಿಸಲು ಒಂದು ಮರೆ. ಮಕ್ಕಳಿಗೆ ಮೂಲೆಯಲ್ಲಿ ಚಾಪೆ, ಬಣ್ಣದ ಪೆನ್ಸಿಲ್ಲು, ದಿನಾ ಅದೇ ಹೊತ್ತಿಗೆ ಆಟ. ಯಾರಾದರೂ ತಾವಾಗಿ ಮಾತು ತೆಗೆದರೆ ಕೂತು ಕೇಳುವುದು, ತೆಗೆಯದಿದ್ದರೆ ಸುಮ್ಮನೆ ಪಕ್ಕದಲ್ಲಿ ಟೀ ಕುಡಿಯುವುದು. ನಾನು ಕಲಿತ ಇನ್ನೊಂದು ಸಂಗತಿ ಭಾಷೆಯದು. ಖಿನ್ನತೆ, ಆಘಾತ ಎಂಬ ಪದ ಅಲ್ಲಿ ಯಾರೂ ಆಡಲಿಲ್ಲ. "ಜೀವ ಹಾರಿದ ಹಾಗೆ ಆಗುತ್ತೆ", "ತಲೆ ಒಳಗೆ ಹೊಳೆ ಹರಿದ ಹಾಗೆ" ಎನ್ನುತ್ತಿದ್ದರು. ಅದನ್ನೂ ಅರೆಭಾಷೆಯಲ್ಲಿ, ಕೊಡವ ತಕ್ಕಿನಲ್ಲಿ, ಮಲಯಾಳದಲ್ಲಿ. ನನ್ನ ಮೈಸೂರು ಕನ್ನಡಕ್ಕಿಂತ ಅಲ್ಲಿನ ಆಶಾ ಕಾರ್ಯಕರ್ತೆಯರ ಎರಡು ಮಾತು ಹೆಚ್ಚು ಕೆಲಸ ಮಾಡುತ್ತಿತ್ತು.

ಈಗ ನಿಮ್ಮ ತಂದೆಯ ವಿಷಯ. ದುರಂತವಾದ ಮೊದಲ ವಾರಗಳಲ್ಲಿ ನಿದ್ದೆ ಕೆಡುವುದು, ಬೆಚ್ಚಿಬೀಳುವುದು ಬಹುಪಾಲು ಎಲ್ಲರಿಗೂ ಇರುತ್ತದೆ. ಹೆಚ್ಚಿನವರು ಮನೆ, ಕೆಲಸ, ಜನ ಸಿಕ್ಕಂತೆ ತಾವಾಗಿ ಸುಧಾರಿಸುತ್ತಾರೆ. ಅದಕ್ಕೇ ಒಂದು ತಿಂಗಳಾಗುವ ಮೊದಲು ನಾವು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮನಸ್ಸಿನ ಕಾಯಿಲೆ, ಎಂಬ ಹೆಸರು ಕೊಡುವುದಿಲ್ಲ. ತಿಂಗಳು ದಾಟಿಯೂ ಉಳಿದರೆ ಅದು ಬೇರೆ. ನೀವು ಬರೆದದ್ದನ್ನು ಓದಿ ರೋಗದ ಹೆಸರು ಹೇಳಲು ನನಗೆ ಅಧಿಕಾರವಿಲ್ಲ, ಮುಖ ನೋಡಿ ಮಾತಾಡಿಯೇ ಹೇಳಬೇಕು. ಆದರೆ ತೋರಿಸಲೇಬೇಕಾದ ಸ್ಥಿತಿ ಇದು.

ಆರು ವರ್ಷ ತಡವಲ್ಲ. ಹತ್ತಿಪ್ಪತ್ತು ವರ್ಷ ಹೊತ್ತು ತಿರುಗಿದವರಿಗೂ ಈ ಚಿಕಿತ್ಸೆ ಫಲ ಕೊಡುತ್ತದೆ. ಸಾಮಾನ್ಯ ನೆನಪಿಗೆ "ಅದು ಆಗಿ ಮುಗಿಯಿತು" ಎಂಬ ಗುರುತು ಇರುತ್ತದೆ. ಇಂಥ ನೆನಪಿಗೆ ಅದು ಬಿದ್ದಿರುವುದಿಲ್ಲ. ಹಸಿ ಮಣ್ಣಿನ ವಾಸನೆ, ಹಂಚಿನ ಮೇಲೆ ಮಳೆಯ ಸದ್ದು ಬಂದರೆ ನಿಮ್ಮ ತಂದೆಯ ಮೈಗೆ ಇವತ್ತೇ ಆಗಸ್ಟ್ 17. ಚಿಕಿತ್ಸೆ ಎಂದರೆ ಆ ಗುರುತು ಬೀಳುವಂತೆ ಮಾಡುವುದು.

ಇಲ್ಲಿ ಏಲಕ್ಕಿ ತೋಟದವರ ಮಾತಿಗೆ ಒಂದು ತಿದ್ದುಪಡಿ. ಕೆಲಸ ಕೊಡುವುದು ಒಳ್ಳೆಯದು. ಟಿವಿ ತೆಗೆಸುವುದು ಇನ್ನೂ ಒಳ್ಳೆಯದು. ಆದರೆ ಆ ವಿಷಯವನ್ನು ಎತ್ತಲೇಬಾರದು ಎಂದು ಇಡೀ ಮನೆ ಬಾಯಿ ಕಟ್ಟಿಕೊಂಡರೆ, ಆ ವಿಷಯ ಇನ್ನಷ್ಟು ದೊಡ್ಡದಾಗಿ ಮನೆಯ ನಡುವೆ ಕೂರುತ್ತದೆ. ಬಲವಂತವಾಗಿ ಹೇಳಿಸುವುದೂ ಬೇಡ, ಬಾಗಿಲು ಹಾಕುವುದೂ ಬೇಡ. "ನಿಮಗೆ ಹೇಳಬೇಕು ಅನಿಸಿದ ದಿನ ಕೇಳಲು ನಾನಿದ್ದೇನೆ" ಎಂದು ಒಂದು ಸಲ ಹೇಳಿ, ಬಿಟ್ಟುಬಿಡಿ.

ಒಳ್ಳೆಯ ಚಿಕಿತ್ಸಕರು ಮೊದಲ ದಿನ ಕಥೆ ಕೇಳುವುದಿಲ್ಲ. ನಿದ್ದೆ, ಊಟ, ಕುಡಿತ, ಮೈಯ ಆರೋಗ್ಯ, ಯಾವ ಸದ್ದಿಗೆ ಬೆಚ್ಚುತ್ತೀರಿ, ಯಾವಾಗ ಸ್ವಲ್ಪ ಹಗುರ ಅನಿಸುತ್ತದೆ ಎಂದು ಕೇಳುತ್ತಾರೆ. ಮೈ ನಡುಗಿದಾಗ ಈ ಹೊತ್ತಿಗೆ, ಈ ಜಾಗಕ್ಕೆ ಮರಳುವುದು ಹೇಗೆ ಎಂದು ಕಲಿಸುತ್ತಾರೆ: ಪಾದವನ್ನು ನೆಲಕ್ಕೆ ಒತ್ತುವುದು, ಉಸಿರನ್ನು ನಿಧಾನ ಹೊರಬಿಡುವುದು, ಕಣ್ಣೆದುರಿನ ಐದು ವಸ್ತು ಎಣಿಸುವುದು. ಅದಾದ ಮೇಲೆ, ರೋಗಿ ಒಪ್ಪಿದರೆ ಮಾತ್ರ, ನೆನಪಿನ ಹತ್ತಿರ ಹೋಗುತ್ತಾರೆ. ಬೇಡ ಎಂದರೆ ಅಲ್ಲಿಗೆ ನಿಲ್ಲಿಸುತ್ತಾರೆ. ನಾನು ಗಂಜಿ ಕೇಂದ್ರದಲ್ಲಿ ಮಾಡಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ: ಇಲ್ಲಿ ಮುಂದಿನ ವಾರವಿದೆ, ಅದರ ಮುಂದಿನ ವಾರವೂ ಇದೆ.

ಇನ್ನೊಂದು ಮಾತು ಬರೆಯದೆ ಮನಸ್ಸು ಒಪ್ಪುತ್ತಿಲ್ಲ. ನಿಮ್ಮ ಪತ್ರದಲ್ಲಿ ಮಳೆಗಿಂತ ಹೆಚ್ಚು ನನ್ನನ್ನು ಹಿಡಿದದ್ದು ಹಸು. ಹಸು ಬಿಚ್ಚಲು ಹೋದವರು ಕೆಳಗಿನ ಮನೆಗೆ ಹೋಗಲಿಲ್ಲ ಎಂದು ಅವರು ಆರು ವರ್ಷದಿಂದ ತಮ್ಮ ಮೇಲೆ ಕೇಸು ನಡೆಸುತ್ತಿರಬಹುದು. ಇಂಥಲ್ಲಿ "ನಿಮ್ಮ ತಪ್ಪೇನಿಲ್ಲ ಬಿಡಿ" ಎಂಬ ಸಮಾಧಾನ ಒಳಗೆ ಇಳಿಯುವುದಿಲ್ಲ. ಚಿಕಿತ್ಸೆಯಲ್ಲಿ ಆ ಬೆಳಿಗ್ಗೆಯನ್ನು ನಿಮಿಷ ನಿಮಿಷವಾಗಿ ಬಿಡಿಸುತ್ತೇವೆ. ಆ ಕ್ಷಣ ಅವರಿಗೆ ಏನು ಗೊತ್ತಿತ್ತು, ಆಮೇಲೆ ತಿಳಿದದ್ದು ಯಾವುದು? ಎರಡನೇ ಸಲ ಬರೆ ಜಾರುತ್ತದೆಂದು ಯಾರಿಗೆ ಗೊತ್ತಿತ್ತು? ಕೊಟ್ಟಿಗೆಯಿಂದ ಆ ಮನೆಗೆ ಎಷ್ಟು ದೂರ? ತೀರ್ಪನ್ನು ಅವರೇ ಮತ್ತೊಮ್ಮೆ ಬರೆಯುವಂತಾಗಬೇಕು.

ಮಾತ್ರೆ: ನಿದ್ದೆಗೆ ಕೊಡುವ ಬೆಂಜೊಡಯಾಜೆಪೀನ್ ಗುಂಪಿನ ಮಾತ್ರೆಗಳನ್ನು ಆಘಾತವಾದ ಮೊದಲ ತಿಂಗಳ ತೊಂದರೆಗೆ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಪಿಟಿಎಸ್‌ಡಿಯ ಮೂಲಕ್ಕೆ ಅವು ಮದ್ದಲ್ಲ, ಅಭ್ಯಾಸವೂ ಆಗುತ್ತವೆ. ಆದರೆ ನೀವೇ ತಟ್ಟನೆ ನಿಲ್ಲಿಸಬೇಡಿ, ಅಪಾಯ. ಮನೋವೈದ್ಯರಿಗೆ ಚೀಟಿ ತೋರಿಸಿ. ಬೇಕಾದರೆ ಸರ್ಟ್ರಾಲಿನ್‌ನಂಥ ಬೇರೆ ಔಷಧಿಗಳಿವೆ.

ಎಲ್ಲಿ ಎಂದರೆ, ಮಡಿಕೇರಿ ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಇದ್ದಾರೆ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುತ್ತಾರೆ, ದಿನ ವಿಚಾರಿಸಿಕೊಂಡು ಹೋಗಿ. ಅಪ್ಪ ಹೊರಡಲು ಒಪ್ಪದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ, ಕನ್ನಡದಲ್ಲಿ, ದುಡ್ಡಿಲ್ಲದೆ. ಮೊದಲು ನೀವೇ ಮಾಡಬಹುದು. "ಬದುಕಿ ಏನು ಪ್ರಯೋಜನ" ಎಂಬಂಥ ಮಾತು ಬಂದರೆ ಮಂಗಳವಾರಕ್ಕೆ ಕಾಯಬೇಡಿ, ಅವತ್ತೇ ಕರಕೊಂಡು ಹೋಗಿ.

ಕೊನೆಗೆ ಆ ಚೀಲ. ಅದನ್ನು ಕಸಿದುಕೊಳ್ಳಬೇಡಿ. ಕೊಡಗಿನ ಮಳೆಗಾಲದಲ್ಲಿ ಟಾರ್ಚು, ಪಹಣಿ ಹತ್ತಿರ ಇಟ್ಟುಕೊಳ್ಳುವುದು ವಿವೇಕ. ಚಿಕಿತ್ಸೆ ಬೇಕಿರುವುದು ಮಳೆ ಇಲ್ಲದ ರಾತ್ರಿಯೂ ಮುಗಿಯದ ಕಾವಲಿಗೆ.

ಶಿರಾಡಿ

ಮೇಡಂ ಬರೆದದ್ದು ಓದಿ ಎರಡು ಸಲ ಫೋನ್ ಕೆಳಗಿಟ್ಟೆ. ನಾನು ಬಸ್ ಡ್ರೈವರ್. ಗುಂಡ್ಯದ ಹತ್ತಿರ ತಿರುವಿನಲ್ಲಿ ಒಬ್ಬ ಹುಡುಗನ ಬೈಕು ಜಾರಿ ನನ್ನ ಚಕ್ರಕ್ಕೆ ಬಂತು. ತಪ್ಪು ನನ್ನದಲ್ಲ ಎಂದು ಬರೆದುಕೊಂಡರು. ನಾಲ್ಕನೇ ದಿನ ಡ್ಯೂಟಿಗೆ ಹಾಕಿದರು, ಹೇಗಿದ್ದೀಯಾ ಎಂದು ಒಬ್ಬರೂ ಕೇಳಲಿಲ್ಲ. ಎರಡು ವರ್ಷ ನಾನು ಎಡಗಡೆ ಕನ್ನಡಿ ನೋಡಲು ಆಗದೆ ಗಾಡಿ ಓಡಿಸಿದ್ದೇನೆ. ಐವತ್ತು ಜನ ಹಿಂದೆ ಕೂತಿರುತ್ತಿದ್ದರು.

ಮಂಗಳೂರಿನಲ್ಲಿ ಒಬ್ಬರು ಇಎಂಡಿಆರ್ ಎಂಬ ಚಿಕಿತ್ಸೆ ಮಾಡಿದರು. ಮೂರು ಸಲ ಬರೀ ಪರಿಚಯ. ನೆಮ್ಮದಿ ಅನಿಸುವ ಜಾಗ ಒಂದನ್ನು ನೆನಪು ಮಾಡಿಸಿದರು, ನಾನು ನಮ್ಮೂರ ಕೆರೆ ಏರಿ ಹೇಳಿದೆ. ಆಮೇಲೆ ಒಂದು ದಿನ, ಆ ಕ್ಷಣದ ಒಂದೇ ಚಿತ್ರ ಹಿಡಿದುಕೊಳ್ಳಿ, ನಿಮ್ಮ ಬಗ್ಗೆ ಏನನ್ನಿಸುತ್ತೆ ಹೇಳಿ ಎಂದರು. "ನಾನು ಕೊಲೆಗಾರ" ಎಂದೆ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಸಂಕಟ? ಹತ್ತು. ಅವರು ಬೆರಳು ಎಡಕ್ಕೆ ಬಲಕ್ಕೆ ಆಡಿಸುತ್ತಿದ್ದರು, ನಾನು ಕಣ್ಣಿನಲ್ಲಿ ಹಿಂಬಾಲಿಸಬೇಕು. ನಿಲ್ಲಿಸಿ, ಏನು ಬಂತು ಎಂದು ಕೇಳುವರು. ಮತ್ತೆ ಬೆರಳು. ಉದ್ದ ಕಥೆ ಹೇಳಿಸಲೇ ಇಲ್ಲ. ನಡುವೆ ನಾನು ಬ್ರೇಕ್ ಒತ್ತುವ ಹಾಗೆ ಬಲಗಾಲು ನೆಲಕ್ಕೆ ಒತ್ತಿ ಅತ್ತುಬಿಟ್ಟೆ. ಆಗ ನೆನಪಾಯಿತು, ನಾನು ಅವತ್ತು ಬ್ರೇಕ್ ಒತ್ತಿದ್ದೆ. ಎರಡು ವರ್ಷ ಅದೇ ಮರೆತುಹೋಗಿತ್ತು.

ಹತ್ತು ಸೊನ್ನೆ ಆಗಿಲ್ಲ. ಎರಡರಲ್ಲಿ ನಿಂತಿದೆ. ಕನ್ನಡಿ ನೋಡುತ್ತೇನೆ. ತಂದೆಯವರನ್ನು ಕರಕೊಂಡು ಹೋಗಿ ತಂಗಿ.

ಕಾಡುಮಲ್ಲಿಗೆ

ಶಿರಾಡಿಯವರೇ, ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ಅಮೆರಿಕದ ಫ್ರಾನ್ಸಿನ್ ಶಪಿರೊ 1987ರಲ್ಲಿ ಪಾರ್ಕಿನಲ್ಲಿ ನಡೆಯುತ್ತಿದ್ದಾಗ ಅವರಿಗೆ ಈ ಇಎಂಡಿಆರ್ ಚಿಕಿತ್ಸೆಯ ಮೊದಲ ಸುಳಿವು ಸಿಕ್ಕಿತು. ಕಣ್ಣಿನ ಚಲನೆಯೇ ಕೆಲಸ ಮಾಡುತ್ತದೋ, ನೆನಪನ್ನು ಸುರಕ್ಷಿತವಾಗಿ ಎದುರಿಸುವುದೋ ಎಂಬ ಚರ್ಚೆ ಇನ್ನೂ ನಡೆದಿದೆ, ಆದರೆ ಗುಣ ಕಾಣುತ್ತದೆ ಎಂಬುದಕ್ಕೆ ಪ್ರಯೋಗಗಳ ಬೆಂಬಲವಿದೆ. ನಿಮ್ಮ ಕಾಲಿಗೆ ನೆನಪಿದ್ದದ್ದು ನಿಮಗೆ ಮರೆತಿತ್ತು ಎಂಬ ಮಾತನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಲು ಅನುಮತಿ ಕೊಡಿ.

ಹಟ್ಟಿಹೊಳೆಯ ಮಗಳು

ಎಲ್ಲರಿಗೂ ಋಣಿ. ಮೇಡಂ, ಹಸುವಿನ ಮಾತು ನಿಜ. ಅಮ್ಮನನ್ನು ಕೇಳಿದೆ. ಅಜ್ಜಿಯ ತಿಥಿಗೆ ಅಪ್ಪ ಒಂದು ಸಲವೂ ಹೋಗಿಲ್ಲವಂತೆ. ಆ ಹಸುಗಳನ್ನೂ ಅದೇ ವರ್ಷ ಯಾರಿಗೋ ಕೊಟ್ಟುಬಿಟ್ಟರು. ಅಣ್ಣ ಈ ಭಾನುವಾರವೇ ಆ ಜಾಗಕ್ಕೆ ಕರಕೊಂಡು ಹೋಗುತ್ತೇನೆ ಎನ್ನುತ್ತಿದ್ದಾನೆ. ಬಿಡಬಹುದಾ? ಅತ್ತೆ ಹೇಳುವ ಶಾಂತಿ?

ಕಾಡುಮಲ್ಲಿಗೆ

ಈ ಭಾನುವಾರ ಬೇಡ. ಅಣ್ಣನ ಯೋಚನೆಯಲ್ಲಿ ಅರ್ಧ ನಿಜವಿದೆ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ, ಹಾಗಾಗಿ ಚಿಕಿತ್ಸೆಯಲ್ಲೂ ಒಂದು ದಿನ ಆ ಜಾಗಕ್ಕೆ ಹೋಗುವುದಿರುತ್ತದೆ. ಆದರೆ ಮೆಟ್ಟಿಲು ಮೆಟ್ಟಿಲಾಗಿ, ಅವರೇ ಬರೆದ ಪಟ್ಟಿಯ ಪ್ರಕಾರ. ಮೊದಲು ಹಳೆಯ ಮನೆಯ ಫೋಟೊ. ಆಮೇಲೆ ಹಗಲು ಮಳೆಯಲ್ಲಿ ಕೊಡೆ ಹಿಡಿದು ಅಂಗಳದಲ್ಲಿ ನಿಲ್ಲುವುದು. ಆಮೇಲೆ ಮಕ್ಕಂದೂರಿನವರೆಗೆ ಬಸ್ಸು, ಇಳಿದು ಟೀ ಕುಡಿದು ವಾಪಸು. ಪ್ರತಿ ಮೆಟ್ಟಿಲಿನಲ್ಲೂ ಎದೆಬಡಿತ ತಾನಾಗಿ ಇಳಿಯುವವರೆಗೆ ನಿಲ್ಲಬೇಕು, ಅದು ಇಳಿಯುತ್ತದೆ ಎಂದು ಮೈ ಕಲಿಯಬೇಕು. ಬಲವಂತವಾಗಿ ಜೀಪಿನಲ್ಲಿ ಕೂರಿಸಿ ಒಯ್ದರೆ, ಅರ್ಧದಲ್ಲಿ ಓಡಿಬಂದರೆ, ಭಯವೇ ಗೆದ್ದಂತಾಗುತ್ತದೆ. ಅದೂ ಮಳೆಗಾಲದಲ್ಲಿ ಆ ಇಳಿಜಾರು ನಿಜಕ್ಕೂ ಅಪಾಯ. ಜನವರಿಗೆ ನೋಡೋಣ.

ಶಾಂತಿ ಮಾಡಿಸಿ, ಅಪ್ಪನಿಗೆ ಮನಸ್ಸಿದ್ದರೆ. ಚಿಕಿತ್ಸೆಯ ಬದಲಿಗಲ್ಲ, ಜೊತೆಗೆ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್‌ಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಹೋದರು, ಬಹುಪಾಲು ಮಕ್ಕಳು. ಆಮೇಲೆ ನಿಮ್ಹಾನ್ಸ್‌ನವರು ಆ ಮನೆಗಳವರ ದುಃಖವನ್ನು ಅಧ್ಯಯನ ಮಾಡಿದರು. ನಮ್ಮ ನಾಡಿನಲ್ಲಿ ಈ ಕೆಲಸ ಶುರುವಾದದ್ದು ಆ ಮನೆಗಳಲ್ಲಿ, ಸತ್ತವರಿಗಾಗಿ ಅಳುತ್ತಿದ್ದವರ ನಡುವೆ. ಅಳಲು ಒಂದು ದಿನ, ಎಡೆ ಇಡಲು ಒಂದು ಎಲೆ ಇರುವುದನ್ನು ನಾನು ಸಣ್ಣದೆಂದು ತಿಳಿಯುವುದಿಲ್ಲ. ಮುಂದಿನ ವರ್ಷದ ಅಜ್ಜಿಯ ತಿಥಿಯನ್ನೂ ಆ ಪಟ್ಟಿಯ ಒಂದು ಮೆಟ್ಟಿಲಾಗಿ ಬರೆಯಬಹುದು. ಕೊನೆಯ ಮೆಟ್ಟಿಲಾದರೂ ಸರಿ.

ಹಟ್ಟಿಹೊಳೆಯ ಮಗಳು, ಅಕ್ಟೋಬರ್ 2024

ತುಂಬಾ ಜನ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಮೊದಲು ನಾನೇ 14416ಕ್ಕೆ ಮಾಡಿದೆ, ಅವರು ಅಮ್ಮನ ಜೊತೆಯೂ ಮಾತಾಡಿದರು. ಅಪ್ಪ ಆಸ್ಪತ್ರೆಗೆ ಒಪ್ಪಿದ್ದು ಶಿರಾಡಿಯವರು ಬರೆದದ್ದನ್ನು ಓದಿ ಹೇಳಿದ ಮೇಲೆ. "ಅವನು ಬ್ರೇಕ್ ಒತ್ತಿದ್ದನಾ?" ಎಂದು ಎರಡು ಸಲ ಕೇಳಿದರು.

ಇದುವರೆಗೆ ನಾಲ್ಕು ಸಲ ಹೋಗಿದ್ದಾರೆ. ಮನೋವೈದ್ಯರು ಹಳೆಯ ನಿದ್ದೆ ಮಾತ್ರೆಯನ್ನು ನಿಧಾನ ಕಡಿಮೆ ಮಾಡುತ್ತಿದ್ದಾರೆ. ಮೊದಲ ದಿನ ಏನು ಕೇಳಿದರು ಎಂದು ನಾನು ಫೋನಿನಲ್ಲಿ ಕೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಗುಡ್ಡದ ವಿಷಯ ಏನೂ ಕೇಳಲಿಲ್ಲ. ಹಸುವಿನ ಹೆಸರು ಏನು ಅಂತ ಕೇಳಿದಳು ಆ ಹುಡುಗಿ" ಎಂದರು.

ಗೌರಿ, ಕೆಂಪಿ. ಆರು ವರ್ಷದ ನಂತರ ಅಪ್ಪನ ಬಾಯಲ್ಲಿ ಕೇಳಿದೆ.

ಮಳೆ ಬಂದ ರಾತ್ರಿ ಈಗಲೂ ಜಗಲಿಯಲ್ಲೇ. ಮಳೆ ಇಲ್ಲದಿದ್ದರೆ ಹತ್ತು ಗಂಟೆಗೆ ಶೂ ಬಿಚ್ಚಿ ಒಳಗೆ ಬರುತ್ತಾರಂತೆ.